ಭಂಜಕನ ನಿಷ್ಠೆಯೂ ಪಾಲಕರ ವಿಳಂಬವೂ

ಒಬ್ಬನು ತನ್ನ ಅಂತಃಕರಣಕ್ಕೆ ಸತ್ಯವೆಂದು ತೋರಿದುದನ್ನು ನಿಷ್ಕಪಟವಾಗಿ ಆಚರಿಸಿದಲ್ಲಿ, ಅದರಿಂದಾದ ನಾಶಕ್ಕೆ ಅವನು ದೋಷಿಯಾಗುವನೆ? ಇಂಗ್ಲೆಂಡಿನ ಹಳ್ಳಿಗಳ ಹಳೆಯ ಇಗರ್ಜಿಗಳಲ್ಲಿ ಮುಖಗಳನ್ನು ಕಳೆದುಕೊಂಡು ನಿಂತಿರುವ ಶಿಲಾಮೂರ್ತಿಗಳನ್ನು ಕಂಡವರಿಗೆ ಈ ಪ್ರಶ್ನೆಯು ತಾನಾಗಿ ಹೊಳೆಯುವುದು.

ಆ ದೇಶದ ಪೂರ್ವಭಾಗದ ಸಫೋಕ್ ಪ್ರಾಂತದಲ್ಲಿ, ಮಧ್ಯಯುಗದ ಕೊನೆಯ ಶಿಲ್ಪಿಗಳು ಶಿಶುಗಳ ದೀಕ್ಷಾಸ್ನಾನಕ್ಕಾಗಿ ಮಾಡಿದ ಎಂಟು ಮುಖದ ಕಲ್ಲುಬಾನಿಗಳ ಮೇಲೆ ತಮ್ಮ ಧರ್ಮದ ಸಪ್ತಸಂಸ್ಕಾರಗಳನ್ನು ಕೆತ್ತುತ್ತಿದ್ದರು. ಒಂದು ಮುಖದಲ್ಲಿ ವಿವಾಹ, ಇನ್ನೊಂದರಲ್ಲಿ ಪಾಪನಿವೇದನೆ, ಮತ್ತೊಂದರಲ್ಲಿ ಮರಣಶಯ್ಯೆಯಲ್ಲಿರುವವನಿಗೆ ತೈಲಲೇಪನ. ಓದುಬರಹವನ್ನರಿಯದ ಒಕ್ಕಲಿಗನು ತನ್ನ ಬಾಳಿನ ಆದ್ಯಂತವನ್ನು ಅಲ್ಲಿ ಕಾಣಬಹುದಾಗಿತ್ತು. ಲ್ಯಾಕ್ಸ್‌ಫೀಲ್ಡ್ ಗ್ರಾಮದಲ್ಲಿ ಅಂತಹದೊಂದು ಬಾನಿಯು ಇಂದಿಗೂ ಇದೆ. 1596ರಲ್ಲಿ ಅದೇ ಗ್ರಾಮದಲ್ಲಿ ಜನಿಸಿದ ವಿಲಿಯಂ ಡೌಸಿಂಗ್ ಎಂಬವನೇ ಮುಂದೆ ವಿಗ್ರಹಭಂಜಕನೆಂದು ಪ್ರಸಿದ್ಧನಾದನು. 1643ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಮೂಢಭಕ್ತಿಯ ಚಿಹ್ನೆಗಳನ್ನು ನಿರ್ಮೂಲಗೊಳಿಸಲು ಶಾಸನ ಮಾಡಿತು. ಡಿಸೆಂಬರಿನಲ್ಲಿ ಮ್ಯಾಂಚೆಸ್ಟರ್ ಪ್ರಭುವು ಡೌಸಿಂಗನಿಗೆ ಅಧಿಕಾರಪತ್ರವನ್ನು ಕೊಟ್ಟನು. ಅವನು ಕೇಂಬ್ರಿಜ್, ಸಫೋಕ್ ಪ್ರಾಂತಗಳ 250ಕ್ಕೂ ಹೆಚ್ಚು ದೇವಾಲಯಗಳನ್ನು ಸುತ್ತಿ, ಒಡೆದುದನ್ನು ದಿನಚರಿಯಲ್ಲಿ ಎಣಿಸಿ ಬರೆದಿಟ್ಟನು.

ಅವನ ಪಕ್ಷವನ್ನೂ ನ್ಯಾಯವಾಗಿ ಕೇಳಬೇಕು. ದೇವರಿಗೂ ಭಕ್ತನಿಗೂ ನಡುವೆ ನಿಂತ ಕಲ್ಲುಮರಗಳು ಆತ್ಮಕ್ಕೆ ಬಂಧನವೆಂದು ಅವನು ನಂಬಿದ್ದನು. ತಾನು ಮಾಡಿದುದನ್ನು ಮರೆಮಾಚದೆ ಬರೆದವನನ್ನು ಕಪಟಿಯೆನ್ನಲಾಗದು.

1644ರ ಜನವರಿಯಲ್ಲಿ ಅವನು ಅಫರ್ಡ್ ಗ್ರಾಮಕ್ಕೆ ಬಂದು, ಹಲವು ಚಿತ್ರಗಳನ್ನು ಒಡೆಯಿಸಿ, ಉಳಿದುವನ್ನು ತೆಗೆಯಿರೆಂದು ಆಜ್ಞಾಪಿಸಿ ಹೋದನು. ಆಗಸ್ಟಿನಲ್ಲಿ ಪುನಃ ಬಂದಾಗ ಆಜ್ಞೆಯು ಪೂರ್ತಿಯಾಗಿ ನಡೆದಿರಲಿಲ್ಲ. ಪಾರುಪತ್ಯಗಾರರು ಬೀಗದಕೈ ಕೊಡದೆ, ಬಂದವರನ್ನು ಎರಡು ಗಂಟೆಗಳಿಗೂ ಮೀರಿ ಹೊರಗೇ ನಿಲ್ಲಿಸಿದರು. ಒಳಗೆ ಕಲ್ಲುಬಾನಿಯ ಮೇಲೆ ಹದಿನೆಂಟು ಅಡಿ ಎತ್ತರದ ಮರದ ಮುಚ್ಚಳವು ಗೋಪುರದಂತೆ ಅಂತಸ್ತು ಅಂತಸ್ತಾಗಿ ಏರಿದ್ದಿತು. ಅದರ ತುದಿಯಲ್ಲಿ ತನ್ನ ಎದೆಯನ್ನೇ ಕುಕ್ಕಿಕೊಳ್ಳುವ ಪೆಲಿಕನ್ ಪಕ್ಷಿ. ಅದರ ಹೊನ್ನಿನ ಬಣ್ಣದ ವೈಭವವನ್ನು ಡೌಸಿಂಗನ ದಿನಚರಿಯೇ ವರ್ಣಿಸುವುದು. ಅದರ ಗೂಡುಗಳು ಇಂದು ಬರಿದಾಗಿವೆ. ಆದರೆ ಮುಚ್ಚಳವು ಉಳಿದಿದೆ.

ಆ ಪಾರುಪತ್ಯಗಾರರನ್ನು ತಡೆದುದು ಭಕ್ತಿಯಾಗಿರಲಿ, ಬರಿಯ ಹಟವಾಗಿರಲಿ, ಅವರ ನಡತೆಯಲ್ಲಿ ಒಂದು ವಿವೇಕವಡಗಿದೆ. ನಿಷ್ಠೆಯು ಮನುಷ್ಯನನ್ನು ಕಪಟದ ದೋಷದಿಂದ ಬಿಡಿಸುವುದು. ಕೃತಿಯ ಫಲದಿಂದ ಬಿಡಿಸಲಾರದು. ವಿಗ್ರಹವನ್ನು ತೊರೆಯುವವನು ತನ್ನೊಬ್ಬನಿಗಾಗಿ ನಿರ್ಣಯಿಸುವನು. ಅದನ್ನು ಒಡೆಯುವವನಾದರೋ ಇನ್ನೂ ಹುಟ್ಟದವರ ಪರವಾಗಿಯೂ ತೀರ್ಪು ಕೊಟ್ಟುಬಿಡುವನು. ಆ ತೀರ್ಪಿಗೆ ಪುನರ್ವಿಚಾರಣೆಯಿಲ್ಲ.

ವಿಳಂಬವೆಲ್ಲವೂ ಸದ್ಗುಣವೆಂದು ಇದರಿಂದ ಹೇಳಿದಂತಾಗದು. ಜೀವಂತ ಮನುಷ್ಯನು ಅನ್ಯಾಯದಿಂದ ನರಳುತ್ತಿರುವಾಗ ತಡಮಾಡುವುದು ಅನ್ಯಾಯದಲ್ಲಿ ಪಾಲುಗೊಂಡಂತೆಯೇ ಸರಿ. ಆದರೆ ಕಲ್ಲು ಕಾಯಬಲ್ಲುದು. ಮೂಢತೆಯನ್ನು ಉಪದೇಶದಿಂದ ಕಳೆಯಬಹುದು. ಒಡೆದ ಮುಖವನ್ನು ಯಾವ ಪಶ್ಚಾತ್ತಾಪವೂ ಮರಳಿ ಕೆತ್ತದು. ತನ್ನ ನಂಬಿಕೆಯಲ್ಲಿ ದೃಢನಾದವನಿಗೂ, ತಾನು ತಪ್ಪಿರಬಹುದೆಂಬ ಅಳುಕು ಸುತ್ತಿಗೆಯನ್ನೆತ್ತುವ ಮುನ್ನ ಒಮ್ಮೆ ಸುಳಿಯಬೇಕು. ಆ ಅಳುಕು ಧರ್ಮಕ್ಕೆ ವಿರುದ್ಧವಾದುದಲ್ಲ; ಧರ್ಮದ ಕಾವಲೇ ಅದು.