ನೋಟ ಪರರಿಚ್ಛೆ

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆಯನ್ನು ಕೇಳದ ಹೆಣ್ಣುಮಕ್ಕಳು ನಮ್ಮಲ್ಲಿ ಇರಲಾರರು. ಹೊರಗೆ ಹೊರಟಾಗ ಉಟ್ಟ ಸೀರೆ ಸರಿಯಿಲ್ಲವೆಂದೋ, ತಲೆ ಬಾಚಿದ್ದು ಸಾಲದೆಂದೋ ಮನೆಯ ಹಿರಿಯರು ಇದನ್ನು ಹೇಳುತ್ತಾರೆ. ಕೇಳುವಾಗ ಲೋಕಾನುಭವದ ಮಾತೆನ್ನಿಸುತ್ತದೆ. ನಿಂತು ಯೋಚಿಸಿದಾಗ ಅದರ ಭಾರ ತಿಳಿಯುತ್ತದೆ. ಹೊಟ್ಟೆಯೇನೋ ನನ್ನದು, ಆದರೆ ನನ್ನ ಮುಖದ ಮೇಲಿನ ಹಕ್ಕು ನೋಡುವವರದು ಎಂದು ಗಾದೆ ಎಷ್ಟು ಸುಲಭವಾಗಿ ಬರೆದುಕೊಟ್ಟುಬಿಟ್ಟಿದೆ! ಹಾಗಾದರೆ ಒಂದು ಪ್ರಶ್ನೆ ಏಳುತ್ತದೆ. ಪರರ ಇಚ್ಛೆಯಂತೆಯೇ ಒಬ್ಬ ಹುಡುಗಿ ತನ್ನ ಮುಖವನ್ನು ತಿದ್ದಿಕೊಂಡರೆ, ಆಮೇಲೆ ಆ ಪರರೇ ಅವಳನ್ನು ಮೋಸಗಾರ್ತಿ ಎನ್ನಬಹುದೇ?

ಈ ಪ್ರಶ್ನೆಯನ್ನು ನನ್ನ ಮುಂದೆ ತಂದಿಟ್ಟದ್ದು ಯಾವ ಶಾಸ್ತ್ರಗ್ರಂಥವೂ ಅಲ್ಲ, ದಕ್ಷಿಣ ಕೊರಿಯಾದ ಒಂದು ಕಾಮಿಕ್ಸ್ ಧಾರಾವಾಹಿ. ಪಿಯುಸಿ ಓದುವ ನನ್ನ ತಂಗಿಯ ಮಗಳು ರಜೆಗೆಂದು ನಮ್ಮ ಮನೆಗೆ ಬಂದಿದ್ದಳು. ಊಟದ ಹೊತ್ತಿಗೂ ಮೊಬೈಲಿನ ಮೇಲೆ ಬೆರಳಾಡಿಸುತ್ತ ಒಬ್ಬಳೇ ನಗುತ್ತಿದ್ದಳು, ಒಮ್ಮೊಮ್ಮೆ ಕಣ್ಣೂ ಒರೆಸಿಕೊಳ್ಳುತ್ತಿದ್ದಳು. ಏನೆಂದು ಕೇಳಿದರೆ ‘ಟ್ರೂ ಬ್ಯೂಟಿ’ ಎಂದಳು. ಇದು ಪುಟ ತಿರುಗಿಸುವ ಪುಸ್ತಕವಲ್ಲ. ಚಿತ್ರಗಳು ಒಂದರ ಕೆಳಗೊಂದು ಉದ್ದಕ್ಕೆ ಇಳಿಯುತ್ತ ಹೋಗುತ್ತವೆ, ಜಾತಕದ ಸುರುಳಿ ಬಿಚ್ಚಿದ ಹಾಗೆ. ಇಂಥವನ್ನು ವೆಬ್‌ಟೂನ್ ಎನ್ನುತ್ತಾರಂತೆ. ಯಾವೊಂಗಿ ಎಂಬ ಹೆಸರಿನಲ್ಲಿ ಬರೆಯುವ ಕಲಾವಿದೆ ಇದನ್ನು 2018ರಿಂದ 2023ರವರೆಗೆ ನೇವರ್ ವೆಬ್‌ಟೂನ್‌ನಲ್ಲಿ ಕಂತುಕಂತಾಗಿ ಪ್ರಕಟಿಸಿದರು. ಇನ್ನೂರಕ್ಕೂ ಹೆಚ್ಚು ಕಂತುಗಳು. ಇಂಗ್ಲಿಷಿನಲ್ಲೂ ಬಂದಿದ್ದರಿಂದ ನಮ್ಮ ಊರಿನ ಹುಡುಗಿಯ ಕೈಗೂ ಅದು ತಲುಪಿತು. ‘ಯಾವೊಂಗಿ’ ಎಂದರೆ ಕೊರಿಯಾದ ಮಕ್ಕಳು ಬೆಕ್ಕನ್ನು ಮುದ್ದಿನಿಂದ ಕರೆಯುವ ಮಾತು. ನಾನೂ ಕನ್ನಡಕ ಹಾಕಿಕೊಂಡು ಓದಲು ಕೂತೆ.

ಕಥೆ ಸರಳವಾಗಿಯೇ ಇದೆ. ಜುಗ್ಯೊಂಗ್ ಎಂಬ ಹೈಸ್ಕೂಲು ಹುಡುಗಿ. ನಾಚಿಕೆ ಸ್ವಭಾವದವಳು, ಭೂತಪ್ರೇತಗಳ ಕಾಮಿಕ್ಸ್ ಎಂದರೆ ಪ್ರಾಣ. ಚೆನ್ನಾಗಿಲ್ಲ ಎಂದು ಜೊತೆಯವರಿಂದ ಹೀಯಾಳಿಸಿಕೊಂಡವಳು. ಅಂತರ್ಜಾಲದ ವಿಡಿಯೋಗಳನ್ನು ನೋಡಿ ನೋಡಿ, ಮುಖಕ್ಕೆ ಬಣ್ಣ ಹಚ್ಚುವ ಕಲೆಯನ್ನು ಛಲದಿಂದ ಕಲಿಯುತ್ತಾಳೆ. ಅಷ್ಟೇ, ರಾತ್ರಿ ಬೆಳಗಾಗುವುದರೊಳಗೆ ಶಾಲೆಯ ಸುಂದರಿ ಎನ್ನಿಸಿಕೊಳ್ಳುತ್ತಾಳೆ. ಕಥೆಯ ಕೊರಿಯನ್ ಹೆಸರಿಗೆ ‘ದೇವತೆ ಇಳಿದು ಬಂದಳು’ ಎಂಬ ಅರ್ಥವಿದೆ. ಆದರೆ ಕಾಮಿಕ್ಸ್ ಅಂಗಡಿಗೆ ಹೋಗುವಾಗ ಅವಳು ಬರಿಮುಖದಲ್ಲೇ ಹೋಗುತ್ತಾಳೆ. ಅಲ್ಲಿ ಅವಳನ್ನು ಕಂಡವನು ಸುಹೊ, ಅವಳದೇ ಶಾಲೆಯ ಚೆಲುವ. ಹೀಗೆ ಗುಟ್ಟು ಒಬ್ಬನಿಗೆ ಗೊತ್ತಾಗುತ್ತದೆ. ಉಳಿದವರಿಗೆ ಯಾವಾಗ ಗೊತ್ತಾದೀತೋ ಎಂಬ ದಿಗಿಲಿನಲ್ಲೇ ನಗು, ಪ್ರೇಮ, ಅಳು ಎಲ್ಲ ನಡೆಯುತ್ತವೆ.

“ದೊಡ್ಡಮ್ಮಾ, ಇವಳು ಮಾಡಿದ್ದು ಮೋಸವಾ?” ಎಂದು ಕೇಳಿದಳು ನಮ್ಮ ಹುಡುಗಿ. ಅವಳ ಗೆಳತಿಯರಲ್ಲಿ ಇದರ ಬಗ್ಗೆ ದೊಡ್ಡ ವಾದವೇ ಆಗಿತ್ತಂತೆ.

ಮೋಸವೆಂದರೇನು ಎಂದು ಮೊದಲು ನೋಡೋಣ. ಅಂಗಡಿಯವನು ಕರಿಮೆಣಸಿನಲ್ಲಿ ಪರಂಗಿ ಬೀಜ ಬೆರೆಸಿ ಕೊಟ್ಟರೆ ಅದು ಮೋಸ. ಏಕೆಂದರೆ ನಾವು ಮೆಣಸಿಗೆ ದುಡ್ಡು ಕೊಟ್ಟಿದ್ದೇವೆ, ಮೆಣಸನ್ನೇ ಕೊಡುತ್ತೇನೆಂದು ಅವನು ಒಪ್ಪಿದ್ದಾನೆ. ಜುಗ್ಯೊಂಗ್ ತನ್ನ ಸಹಪಾಠಿಗಳಿಗೆ ಏನನ್ನು ಒಪ್ಪಿಕೊಂಡಿದ್ದಳು? ‘ನನ್ನ ಚರ್ಮ ಇಂಥದು, ನನ್ನ ರೆಪ್ಪೆ ಇಷ್ಟುದ್ದ’ ಎಂದು ಯಾರಿಗೂ ಮಾತು ಕೊಟ್ಟಿರಲಿಲ್ಲ. ಅವರು ಕೊಟ್ಟದ್ದಾದರೂ ಏನು? ಒಂದು ನಗು, ಬೆಂಚಿನಲ್ಲಿ ಒಂದಿಷ್ಟು ಜಾಗ, ಊಟದ ಹೊತ್ತಿಗೆ ಒಂದು ಕರೆ. ಗುಟ್ಟು ಬಯಲಾದ ಮೇಲೆ ‘ನಾವು ಮೋಸ ಹೋದೆವು’ ಎಂದು ಅವರು ದೂರಿದರೆ, ಆ ನಗು, ಆ ಜಾಗ, ಆ ಕರೆ ಎಲ್ಲವನ್ನೂ ಮುಖಕ್ಕೆ ಬೆಲೆ ಕಟ್ಟಿ ಕೊಟ್ಟಿದ್ದೆವೆಂದು ತಾವೇ ಒಪ್ಪಿಕೊಂಡ ಹಾಗಾಯಿತು. ಸ್ನೇಹವನ್ನು ವ್ಯಾಪಾರ ಮಾಡಿದವರಿಗೆ ಮಾತ್ರ ಅದರಲ್ಲಿ ನಷ್ಟವಾಗಲು ಸಾಧ್ಯ.

‘ನಿನ್ನ ನಿಜವಾದ ಮುಖ ಯಾವುದು?’ ಎಂದು ಇಂಥ ಕಥೆಗಳಲ್ಲಿ ಎಲ್ಲರೂ ಹುಡುಗಿಯನ್ನೇ ಕೇಳುತ್ತಾರೆ. ಓದುತ್ತ ಹೋದ ಹಾಗೆ ನನಗೆ ಬೇರೆಯದೇ ಕಂಡಿತು. ಬಣ್ಣ ಹಚ್ಚಿದಾಗಲೂ ತೊಳೆದಾಗಲೂ ಜುಗ್ಯೊಂಗ್ ಒಬ್ಬಳೇ. ಅದೇ ಭೂತದ ಕಥೆಗಳ ಹುಚ್ಚು, ಅದೇ ಪೆದ್ದುತನ, ಅದೇ ಮರುಗುವ ಮನಸ್ಸು. ಆದರೆ ಅವಳ ಸುತ್ತಲಿನವರು ಒಂದು ಮುಖಕ್ಕೆ ಒಂದು ಬಗೆ, ಇನ್ನೊಂದು ಮುಖಕ್ಕೆ ಇನ್ನೊಂದು ಬಗೆ. ಬರಿಮುಖವನ್ನು ತಳ್ಳಿದವರೇ ಬಣ್ಣದ ಮುಖಕ್ಕೆ ದಾರಿ ಬಿಟ್ಟು ನಿಲ್ಲುತ್ತಾರೆ. ಎರಡು ಮುಖ ಇದ್ದದ್ದು ಯಾರಿಗೆ? ನಮ್ಮ ಹುಡುಗಿಗೆ ನಾನು ಹೇಳಿದ ಮೊದಲ ಉತ್ತರ ಇದು.

ಆದರೆ ಅವಳು ಅಷ್ಟಕ್ಕೆ ಬಿಡಲಿಲ್ಲ. “ಪರರಿಗೆ ಹೇಳದಿದ್ದರೆ ಬೇಡ. ಆಪ್ತರಿಗೂ ಮುಚ್ಚಿಟ್ಟರೆ?” ಇದು ನಿಜಕ್ಕೂ ಗಟ್ಟಿ ಪ್ರಶ್ನೆ. ಪ್ರೀತಿಯಿರುವ ಕಡೆ ಒಂದು ಋಣವಿರುತ್ತದೆ. ಆದರೆ ಅದು ಮೊಡವೆ ತೋರಿಸಬೇಕಾದ ಋಣವಲ್ಲ. ಜುಗ್ಯೊಂಗ್ ಗೆಳತಿಯರಿಂದ ಮುಖಕ್ಕಿಂತ ಹೆಚ್ಚಾಗಿ ಮುಚ್ಚಿಟ್ಟದ್ದು ತನ್ನ ಹೆದರಿಕೆಯನ್ನು. ‘ನನ್ನನ್ನು ಹಿಂದೆ ಹೀಗೆಲ್ಲ ನೋಯಿಸಿದ್ದರು, ನೀವೂ ಹಾಗೇ ಮಾಡೀರೆಂದು ಭಯ’ ಎಂಬ ಮಾತನ್ನು ಆಪ್ತರಲ್ಲಿ ಆಡಲಾರದವಳು ಎಷ್ಟು ಜನರ ನಡುವೆ ಇದ್ದರೂ ಒಂಟಿಯೇ. ಅದರಿಂದ ಗೆಳತಿಯರಿಗೆ ಆದ ಅನ್ಯಾಯಕ್ಕಿಂತ ಅವಳಿಗೆ ಆದ ನಷ್ಟ ಹೆಚ್ಚು. ಸುಹೊ ಜೊತೆಗಿನ ಪ್ರೇಮ ಓದುಗರಿಗೆ ಹಿಡಿಸುವುದೂ ಇದೇ ಕಾರಣಕ್ಕೆ ಇರಬೇಕು. ಅಂಗಡಿಯ ಮೂಲೆಯಲ್ಲಿ ಇಬ್ಬರಿಗೂ ಬೇಕಾದದ್ದು ಒಂದೇ ಬಗೆಯ ಪುಸ್ತಕ. ಒಂದೇ ಪುಸ್ತಕವನ್ನು ಮೆಚ್ಚುವ ಇಬ್ಬರಿಗೆ ಮಾತಾಡಲು ಬೇಕಾದಷ್ಟು ಇರುತ್ತದೆ. ನನಗೆ ಈ ಕಥೆಯಲ್ಲಿ ಅತ್ಯಂತ ಪ್ರಿಯವಾದ ಸಂಗತಿ ಅದೇ.

ಹಾಗೆಂದು ಕಥೆಯಲ್ಲಿ ಕುಂದಿಲ್ಲವೆಂದಲ್ಲ. ಬರಿಮುಖವನ್ನು ಕಲಾವಿದೆ ಮತ್ತೆ ಮತ್ತೆ ನಗೆಪಾಟಲಿಗೆಂದೇ ಬರೆಯುತ್ತಾರೆ. ಹುಡುಗಿಗೆ ‘ರೂಪ ಮುಖ್ಯವಲ್ಲ’ ಎಂದು ಕಲಿಸಲು ಬರುವ ಹುಡುಗರು ಇಬ್ಬರೂ, ಸುಹೊ ಮತ್ತು ಸೋಜುನ್, ಬಣ್ಣ ಹಚ್ಚದೆಯೇ ಮನ್ಮಥರು! ಇದೇ ಕಥೆ 2020ರ ಡಿಸೆಂಬರಿನಲ್ಲಿ ಅಲ್ಲಿನ ಟಿವಿಎನ್ ವಾಹಿನಿಯಲ್ಲಿ ಹದಿನಾರು ಕಂತಿನ ಧಾರಾವಾಹಿಯಾಗಿ ಆರಂಭವಾಯಿತು. ಆಗ ಇನ್ನೊಂದು ತಮಾಷೆ ನಡೆಯಿತು. ನಾಯಕಿಯ ಪಾತ್ರಕ್ಕೆ ಆರಿಸಿದ್ದು ಮೂನ್ ಗಾಯಂಗ್ ಎಂಬ ಚೆಲುವೆಯನ್ನು. ಕುರೂಪಿಯಾಗಿ ಕಾಣಿಸಲು ಅವಳ ಮುಖಕ್ಕೆ ಮೊಡವೆ ಮೂಡಿಸಿ, ದಪ್ಪ ಕನ್ನಡಕ ಹಾಕಿಸಬೇಕಾಯಿತು. ಅಂದರೆ ಅಲ್ಲಿ ‘ನಿಜವಾದ ಮುಖ’ ಎಂದು ನಾವು ನೋಡಿದ್ದೇ ಬಣ್ಣದ ಮುಖ! ರೂಪವತಿಯಲ್ಲದ ಹುಡುಗಿಯ ಕಥೆ ಹೇಳುವಾಗಲೂ ರೂಪವತಿಯಲ್ಲದ ಹುಡುಗಿಗೆ ಪಾತ್ರ ಸಿಗಲಿಲ್ಲ.

ಇಲ್ಲಿಗೆ ಬಂದಾಗ ನನ್ನ ಮೊದಲ ಉತ್ತರ ಸಾಲದೆನ್ನಿಸಿತು. ಜುಗ್ಯೊಂಗ್ ತಪ್ಪು ಮಾಡಲಿಲ್ಲ, ಸರಿ. ಆದರೆ ತಪ್ಪಿಲ್ಲದ ಕೆಲಸವೂ ಇನ್ನೊಬ್ಬರಿಗೆ ಭಾರವಾಗಬಹುದಲ್ಲ? ತೇರು ನೋಡಲು ನಿಂತ ಜನರನ್ನು ನೆನೆಸಿಕೊಳ್ಳಿ. ಮುಂದಿನವಳು ತುದಿಗಾಲಲ್ಲಿ ನಿಲ್ಲುತ್ತಾಳೆ, ಅದು ಅಪರಾಧವಲ್ಲ. ಆಗ ಹಿಂದಿನವಳೂ ನಿಲ್ಲಬೇಕಾಗುತ್ತದೆ, ಅವಳ ಹಿಂದಿನವಳೂ. ಕೊನೆಗೆ ಎಲ್ಲರಿಗೂ ಕಾಣಿಸುವುದು ಮೊದಲಿನಷ್ಟೇ ತೇರು, ನೋಯುವುದು ಮಾತ್ರ ಎಲ್ಲರ ಕಾಲು. ನೆಲಕ್ಕೆ ಪಾದ ಊರಿ ನಿಂತವಳಿಗಂತೂ ಏನೂ ಕಾಣದು.

ಕೊರಿಯಾದ ಹೆಣ್ಣುಮಕ್ಕಳು ಈ ನೋವನ್ನು ಬಲ್ಲರು. ಅಲ್ಲಿ ಕೆಲಸದ ಅರ್ಜಿಗೆ ಭಾವಚಿತ್ರ ಅಂಟಿಸುವುದು ಬಹುಕಾಲದ ರೂಢಿ. 2017ರಲ್ಲಿ ಸರಕಾರಿ ಸಂಸ್ಥೆಗಳ ನೇಮಕಾತಿಯಲ್ಲಿ ಅದನ್ನು ಕೈಬಿಡಲಾಯಿತು. 2019ರಲ್ಲಿ ಕಾನೂನನ್ನು ತಿದ್ದಿ, ಕೆಲಸಕ್ಕೆ ಸಂಬಂಧವಿಲ್ಲದಿದ್ದರೆ ಅರ್ಜಿದಾರರ ರೂಪ, ಎತ್ತರ, ತೂಕ ಕೇಳಕೂಡದೆಂದು ಮಾಡಿದರು. 2018ರ ಏಪ್ರಿಲಿನಲ್ಲಿ ಇಮ್ ಹ್ಯೊನ್‌ಜು ಎಂಬ ವಾರ್ತಾವಾಚಕಿ ಎಂಬಿಸಿ ವಾಹಿನಿಯ ಬೆಳಗಿನ ವಾರ್ತೆಯನ್ನು ಕನ್ನಡಕ ಹಾಕಿಕೊಂಡು ಓದಿದ್ದೇ ಒಂದು ವಾರ್ತೆಯಾಯಿತು. ಗಂಡಸರು ಹಾಕಿಕೊಂಡರೆ ಯಾರೂ ಗಮನಿಸದ ಕನ್ನಡಕ! ಅದೇ ವರ್ಷ ಎಷ್ಟೋ ಯುವತಿಯರು ತಮ್ಮ ಬಣ್ಣದ ಡಬ್ಬಿ, ಲಿಪ್‌ಸ್ಟಿಕ್ಕುಗಳನ್ನು ಪುಡಿಮಾಡಿ, ಆ ಚಿತ್ರಗಳನ್ನು ಎಲ್ಲರಿಗೂ ಕಾಣುವಂತೆ ಹಾಕಿದರು. ಬಿಗಿಯುಡುಪನ್ನು ಕಳಚೋಣ ಎಂಬುದು ಆ ಚಳವಳಿಯ ಹೆಸರಿನ ಭಾವ. ತುದಿಗಾಲಿಳಿಸಿ ನಿಲ್ಲೋಣ ಬನ್ನಿ ಎಂದು ಅವರು ಒಬ್ಬರನ್ನೊಬ್ಬರು ಕರೆಯುತ್ತಿದ್ದರು. ಜುಗ್ಯೊಂಗಳ ಕಥೆ ಆರಂಭವಾದದ್ದೂ ಅದೇ ವರ್ಷ. ಒಂದೇ ನೋವಿಗೆ ಒಬ್ಬಳು ಬಣ್ಣದ ಡಬ್ಬಿ ತೆರೆದಳು, ಇನ್ನೊಬ್ಬಳು ಒಡೆದಳು. ಇಬ್ಬರನ್ನೂ ಬೈಯಲು ನನಗೆ ಮನಸ್ಸು ಬಾರದು.

ನಮ್ಮ ಹುಡುಗಿ ಆಮೇಲೆ ಇಂಥದೇ ಇನ್ನೊಂದು ಕಥೆ ತೋರಿಸಿದಳು: ‘ಮೈ ಐಡಿ ಈಸ್ ಗ್ಯಾಂಗ್ನಮ್ ಬ್ಯೂಟಿ’. ಗ್ಯಾಂಗ್ನಮ್ ಎಂಬುದು ಸೋಲ್ ನಗರದಲ್ಲಿ ಸೌಂದರ್ಯ ಶಸ್ತ್ರಚಿಕಿತ್ಸೆಗೆ ಹೆಸರಾದ ಬಡಾವಣೆ. ‘ಗ್ಯಾಂಗ್ನಮ್ ಸುಂದರಿ’ ಎಂದರೆ ಕತ್ತರಿಸಿ ಮಾಡಿಸಿಕೊಂಡ ಮುಖದವಳು ಎಂಬ ಮೂದಲಿಕೆ. ಚಿಕ್ಕಂದಿನಿಂದ ಕುರೂಪಿ ಎನ್ನಿಸಿಕೊಂಡ ಮಿರೆ ಎಂಬವಳು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಕಾಲೇಜಿಗೆ ಬರುತ್ತಾಳೆ. ಮೊದಲು ಮುಖ ಕೆಟ್ಟದೆಂದು ನಕ್ಕ ಲೋಕ ಈಗ ಮುಖ ಮಾಡಿಸಿಕೊಂಡಿದ್ದೆಂದು ನಗುತ್ತದೆ. 2018ರಲ್ಲಿ ಇದೂ ಟಿವಿ ಧಾರಾವಾಹಿಯಾಯಿತು. ಅದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ ಒಂದು ಸಂಗತಿ. ಈ ಮಿರೆಗೆ ದಾರಿಯಲ್ಲಿ ಕಂಡ ಹೆಂಗಸರ ಮುಖಕ್ಕೆಲ್ಲ ಮನಸ್ಸಿನಲ್ಲೇ ಅಂಕ ಕೊಡುವ ಚಾಳಿ. ಅವಳನ್ನು ಸುಟ್ಟ ಅಳತೆಗೋಲೇ ಅವಳ ಕೈಗೂ ಬಂದುಬಿಟ್ಟಿದೆ! ನಾವು ಹೆಂಗಸರು ಮದುವೆ ಮನೆಯಲ್ಲಿ ಕೂತು ಮಾಡುವ ಕೆಲಸವೂ ಇದೇ ಅಲ್ಲವೇ? ‘ಹುಡುಗ ಪರವಾಗಿಲ್ಲ, ಹುಡುಗಿ ಸ್ವಲ್ಪ ಕಡಿಮೆ’ ಎಂಬ ತೀರ್ಪು ಕೊಡುವವರಲ್ಲಿ ಒಂದು ಕಾಲಕ್ಕೆ ಅದೇ ತೀರ್ಪು ಕೇಳಿ ಅತ್ತವರೂ ಇರುತ್ತಾರೆ. ಗಾದೆಯಲ್ಲಿ ಬರುವ ಆ ‘ಪರರು’ ಎಲ್ಲೋ ದೂರದವರಲ್ಲ.

ಜುಗ್ಯೊಂಗ್ ಮುಂದೆ ಮೇಕಪ್ ಕಲಾವಿದೆಯಾಗುತ್ತಾಳೆ. ಬಣ್ಣವನ್ನು ಬಿಟ್ಟು ಪಾವನಳಾಗುವುದಿಲ್ಲ. ಭಯಕ್ಕೆ ಕಲಿತದ್ದನ್ನು ಬದುಕಿನ ವೃತ್ತಿಯಾಗಿ ಮಾಡಿಕೊಳ್ಳುತ್ತಾಳೆ. ಇದು ನನಗೆ ಒಪ್ಪಿಗೆಯಾಯಿತು. ಹಬ್ಬಕ್ಕೆ ರಂಗೋಲಿ ಹಾಕುವವಳನ್ನು ನೆಲ ಮುಚ್ಚಿಟ್ಟಳು ಎಂದು ಯಾರೂ ದೂರುವುದಿಲ್ಲ. ನೋಡಬೇಕಾದದ್ದು ಒಂದೇ: ಮುಖ ತೊಳೆದುಕೊಂಡು ಬಾಗಿಲು ತೆರೆಯಲು ಅವಳಿಗೆ ಧೈರ್ಯವಿದೆಯೇ? ಇದ್ದರೆ ಬಣ್ಣ ಅವಳ ಸಂತೋಷ. ಇಲ್ಲದಿದ್ದರೆ ಅವಳನ್ನು ಬೈಯುವ ಮೊದಲು ಆ ಧೈರ್ಯವನ್ನು ಕಸಿದವರು ಯಾರೆಂದು ಕೇಳಬೇಕು.

ಮೂವತ್ತು ವರ್ಷಗಳಿಂದ ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತ ಬಂದವಳು ನಾನು. ‘ಗುಣ ಮುಖ್ಯ, ರೂಪವಲ್ಲ’ ಎಂದು ಶಾಲೆಯ ಗೋಡೆಗಳೂ ಹೇಳುತ್ತವೆ. ಮಕ್ಕಳು ಆ ಮಾತನ್ನು ನಂಬುವುದು ಅಥವಾ ಬಿಡುವುದು ವಾರ್ಷಿಕೋತ್ಸವದ ದಿನ. ಅತಿಥಿಗಳಿಗೆ ಹೂಗುಚ್ಛ ಕೊಡಲು, ಆರತಿ ಹಿಡಿದು ಮುಂದೆ ನಿಲ್ಲಲು ಯಾರನ್ನು ಆರಿಸುತ್ತಾರೆ ಎಂದು ಅವರು ಕಣ್ಣಿಟ್ಟು ನೋಡುತ್ತಾರೆ. ಆರಿಸದೆ ಬಿಟ್ಟ ಹುಡುಗಿ ಯಾರಿಗೂ ಏನೂ ಹೇಳುವುದಿಲ್ಲ. ಮನೆಗೆ ಹೋಗಿ ಕನ್ನಡಿಯ ಮುಂದೆ ನಿಲ್ಲುತ್ತಾಳೆ. ಅವಳ ಕೈಯಿಂದ ಪೌಡರ್ ಡಬ್ಬಿ ಕಸಿದುಕೊಂಡು ನೀತಿ ಹೇಳಿದರೆ ಏನು ಪ್ರಯೋಜನ? ಎರಡೂ ಮುಖಕ್ಕೆ ಒಂದೇ ಮರ್ಯಾದೆ ಸಿಕ್ಕೀತೆಂದು ಅವಳಿಗೆ ಕಾಣಿಸಬೇಕು. ಆಗ ಹಚ್ಚುವುದೋ ಬಿಡುವುದೋ ಅವಳ ಇಚ್ಛೆ. ನಿಜವಾಗಿ ‘ತನ್ನಿಚ್ಛೆ’.

ನನ್ನ ತರಗತಿಯ ಮಟ್ಟಿಗೆ ಈ ಆಯ್ಕೆಯೆಲ್ಲ ಹಾಜರಿ ಪುಸ್ತಕದ ಕ್ರಮದಲ್ಲೇ ನಡೆಯುತ್ತದೆ. ಕಳೆದ ಸಲ ಹದಿನಾರನೆಯ ಹೆಸರಿಗೆ ನಿಂತಿತ್ತು, ಈ ವರ್ಷ ಹದಿನೇಳರಿಂದ ಶುರು. ಹದಿನೇಳನೆಯವಳಿಗೆ ದಪ್ಪ ಕನ್ನಡಕ, ಹದಿನೆಂಟನೆಯವಳಿಗೆ ಕೆನ್ನೆ ತುಂಬ ಮೊಡವೆ, ಹತ್ತೊಂಬತ್ತನೆಯವಳು ಊರಿಗೇ ಚೆಲುವೆ. ಮೂವರೂ ಹೂಗುಚ್ಛ ಕೊಡಲು ಹೋಗುವಾಗ ವೇದಿಕೆಯ ಮೆಟ್ಟಿಲು ಎಡವದ ಹಾಗೆ ನಡೆಯುವುದನ್ನು ಅಭ್ಯಾಸ ಮಾಡುತ್ತಿದ್ದಾರೆ.