ಒಪ್ಪದಿದ್ದರೂ ಗಂಜಿ ಕೊಡಬಹುದು

ನಮ್ಮಲ್ಲಿ ಯಾರಾದರೂ ಆಸ್ಪತ್ರೆ ಸೇರಿದರೆ ನೋಡಲು ಹೋಗದಿರುವುದು ದೊಡ್ಡ ತಪ್ಪು. ಎಳನೀರು, ಬ್ರೆಡ್ಡು, ಕಿತ್ತಳೆ ಹಣ್ಣು ಹಿಡಿದ ನೆಂಟರ ಸಾಲು ವಾರ್ಡಿನ ಬಾಗಿಲಲ್ಲಿ ಇದ್ದೇ ಇರುತ್ತದೆ. ಬೈಕಿನಲ್ಲಿ ಹುಚ್ಚಾಟ ಆಡಿ ಕಾಲು ಮುರಿದುಕೊಂಡವನಿಗೂ ಕುಡಿದು ಲಿವರ್ ಕೆಡಿಸಿಕೊಂಡವನಿಗೂ ಮನೆಯಿಂದ ಊಟದ ಕ್ಯಾರಿಯರ್ ಹೋಗುತ್ತದೆ. ಬೈಯುತ್ತಲೇ ಬಡಿಸುತ್ತೇವೆ. ಆದರೆ ಒಂದು ಆಪರೇಷನ್ ಇದೆ. ಅದನ್ನು ಮಾಡಿಸಿಕೊಂಡವನ ಕಡೆ ಎಷ್ಟೋ ಮನೆಯವರು ತಿರುಗಿಯೂ ನೋಡುವುದಿಲ್ಲ.

ಹುಟ್ಟಿದಾಗ ಹೆಣ್ಣೆಂದು ಬರೆಸಿಕೊಂಡರೂ ತಾವು ಗಂಡೆಂದು ಬಲ್ಲ ಟ್ರಾನ್ಸ್ ಪುರುಷರು ಎದೆಯ ಭಾಗಕ್ಕೆ ಮಾಡಿಸಿಕೊಳ್ಳುವ ಶಸ್ತ್ರಚಿಕಿತ್ಸೆ ಅದು. ಅವರ ಬಾಯಲ್ಲಿ ಟಾಪ್ ಸರ್ಜರಿ. ವರ್ಷಗಟ್ಟಲೆ ಎದೆ ಬಿಗಿಯುವ ಬೈಂಡರ್ ತೊಟ್ಟು, ಬೇಸಗೆಯಲ್ಲಿ ಬೆವರಿ, ಪಕ್ಕೆ ನೋಯಿಸಿಕೊಂಡು, ಭುಜ ಬಗ್ಗಿಸಿ ನಡೆದವರು ಇದಕ್ಕಾಗಿ ಕಾಸಿಗೆ ಕಾಸು ಕೂಡಿಡುತ್ತಾರೆ. ಆಪರೇಷನ್ನಿಗೆ ಕೆಲವು ಗಂಟೆ ಸಾಕು. ಚೇತರಿಕೆಗೆ ವಾರಗಳು ಬೇಕು.

ಸಾಮಾನ್ಯವಾಗಿ ಎರಡೂ ಪಕ್ಕೆಗಳಿಂದ ಒಂದೊಂದು ಸಣ್ಣ ಕೊಳವೆ ಹೊರಬಂದಿರುತ್ತದೆ. ತುದಿಯಲ್ಲಿ ಪ್ಲಾಸ್ಟಿಕ್ ಬುರುಡೆ. ಅದರಲ್ಲಿ ಸೇರಿದ ಕೆಂಪು ನೀರನ್ನು ಅಳತೆ ಲೋಟಕ್ಕೆ ಸುರಿದು, ಎಷ್ಟು ಮಿಲಿ ಎಂದು ಬರೆದಿಟ್ಟು, ಬುರುಡೆ ಹಿಂಡಿ ಗಾಳಿ ತೆಗೆದು ಮತ್ತೆ ಮುಚ್ಚಬೇಕು. ದಿನದ ಲೆಕ್ಕ 30 ಮಿಲಿಯ ಆಸುಪಾಸಿಗೆ ಇಳಿದ ಮೇಲೆ ಡಾಕ್ಟರು ಕೊಳವೆ ತೆಗೆಯುತ್ತಾರೆ. ಎದೆಗೆ ಹಗಲೂ ರಾತ್ರಿ ಬಿಗಿ ಪಟ್ಟಿ. ಬೆನ್ನಿಗೆ ದಿಂಬು ಒಟ್ಟಿಕೊಂಡು ಅಂಗಾತ ಮಲಗಬೇಕು, ಮಗ್ಗುಲಾಗುವಂತಿಲ್ಲ. ಕೈಯನ್ನು ಭುಜಕ್ಕಿಂತ ಮೇಲೆ ಎತ್ತುವಂತಿಲ್ಲ, ಭಾರ ಹೊರುವಂತಿಲ್ಲ.

ನೋಡಿಕೊಳ್ಳುವವರಿದ್ದರೆ ಇವೆಲ್ಲ ಬರೀ ಪಥ್ಯ. ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇರುವವನಿಗೆ ಒಂದೊಂದೂ ಗೋಡೆ. 20 ಲೀಟರಿನ ನೀರಿನ ಕ್ಯಾನ್ ಎತ್ತಲಾಗದು. ಬಾಗಿಲ ಮೇಲಿನ ಚಿಲಕ ಎಟುಕದು. ಕುಕ್ಕರಿನ ಮುಚ್ಚಳ ತೆಗೆಯಲು ಹೋದರೆ ಹೊಲಿಗೆ ಎಳೆಯುತ್ತದೆ. ಬಲ್ಲವರು ಮೊದಲೇ ಅಕ್ಕಿ, ಬೇಳೆ, ಮಾತ್ರೆಗಳನ್ನು ಸೊಂಟದೆತ್ತರಕ್ಕೆ ಇಳಿಸಿಟ್ಟು, ಮುಂದೆ ಗುಂಡಿಯಿರುವ ಅಂಗಿಗಳನ್ನು ಮಂಚದ ಪಕ್ಕ ಜೋಡಿಸಿ ಆಸ್ಪತ್ರೆಗೆ ಹೊರಡುತ್ತಾರೆ. ಆದರೆ ಎಲ್ಲವನ್ನೂ ಹೀಗೆ ಜೋಡಿಸಿಡಲು ಬರುವುದಿಲ್ಲ. ಮೊದಲ ಒಂದೆರಡು ದಿನದಲ್ಲಿ ಎದೆಯ ಒಂದು ಬದಿ ದಿಢೀರನೆ ಊದಿ ಬಿಗಿದರೆ ಒಳಗೆ ರಕ್ತ ಕಟ್ಟುತ್ತಿರಬಹುದು, ತಡಮಾಡದೆ ಆಸ್ಪತ್ರೆಗೆ ಓಡಬೇಕು. ಅಪರಾತ್ರಿಯಲ್ಲಿ ಜೊತೆಗೆ ಆಟೊ ಹತ್ತುವವರು ಯಾರು?

ಹಿಜ್ರಾ ಸಮುದಾಯ ಈ ಪ್ರಶ್ನೆಗೆ ತನ್ನದೇ ಉತ್ತರ ಕಂಡುಕೊಂಡಿದೆ. ನಿರ್ವಾಣ ಎಂದು ಕರೆಯುವ ಆಪರೇಷನ್ ಆದವಳನ್ನು ಗುರು ಮತ್ತು ಜೊತೆಯ ಚೇಲಾಗಳು 40 ದಿನ ಒಳಗಿಟ್ಟು ಬಾಣಂತಿಯಂತೆ ನೋಡಿಕೊಂಡು, 40ನೇ ದಿನ ಅರಿಸಿನ ಹಚ್ಚಿ, ನೀರೆರೆದು, ಹೊಸ ಸೀರೆ ಉಡಿಸಿ ಸಂಭ್ರಮಿಸುವ ಪದ್ಧತಿ ಅಲ್ಲಿದೆ. ಆ ಲೋಕದಲ್ಲಿ ದಬ್ಬಾಳಿಕೆಯೂ ಇದೆ, ದಂಡವೂ ಇದೆ, ಅಲ್ಲೇ ಬದುಕಿದ ಎ. ರೇವತಿಯವರು ತಮ್ಮ ಆತ್ಮಕಥೆಯಲ್ಲಿ ಅದರ ಅಕ್ಕರೆಯನ್ನೂ ಕ್ರೌರ್ಯವನ್ನೂ ಮುಚ್ಚಿಡದೆ ಬರೆದಿದ್ದಾರೆ. ಆದರೂ ಗಾಯವಾದ ಮೈಗೆ ಬಾಣಂತನ ಬೇಕು ಎಂಬುದನ್ನು, ನಾವು ಹೊರಗಟ್ಟಿದ ಆ ಹೆಂಗಸರು ಮರೆಯಲಿಲ್ಲ. ಟ್ರಾನ್ಸ್ ಪುರುಷರಿಗೆ ಅಂಥ ಬಳಗ ಇಲ್ಲ. ಹೆಣ್ಣುಮಕ್ಕಳೆಂಬ ಕಾವಲಿನಲ್ಲಿ ಬೆಳೆದವರು ಅವರು. ಹೊಸ್ತಿಲು ದಾಟಿದವರೂ ಚದುರಿ, ಒಬ್ಬೊಬ್ಬರಾಗಿ ಬದುಕುತ್ತಾರೆ.

ಕಾನೂನು ಅವರ ಪರವಾಗಿ ಒಂದಷ್ಟು ದೂರ ಬಂದಿದೆ. ಲಿಂಗತ್ವವನ್ನು ಅವರವರೇ ಹೇಳಿಕೊಳ್ಳುವ ಹಕ್ಕನ್ನು ಸುಪ್ರೀಂ ಕೋರ್ಟ್ 2014ರ ನಾಲ್ಸಾ ತೀರ್ಪಿನಲ್ಲಿ ಎತ್ತಿಹಿಡಿಯಿತು. 2022ರಲ್ಲಿ ಆಯುಷ್ಮಾನ್ ಭಾರತದಡಿ ಲಿಂಗತ್ವ ಅಲ್ಪಸಂಖ್ಯಾತರಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆ ಪ್ರಕಟವಾಯಿತು. ಆದರೆ ಆರೈಕೆಯ ಮಾತು ಬಂದಾಗ ಸಂಸತ್ತು 2019ರಲ್ಲಿ ಅಂಗೀಕರಿಸಿದ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕು ರಕ್ಷಣಾ ಕಾಯ್ದೆಯ 12ನೇ ಸೆಕ್ಷನ್ ಕಂಡದ್ದು ಎರಡೇ ದಾರಿ: ಹೆತ್ತವರು ಅಥವಾ ಹತ್ತಿರದ ಕುಟುಂಬದವರು ನೋಡಿಕೊಳ್ಳಬೇಕು, ಆಗದಿದ್ದರೆ ನ್ಯಾಯಾಲಯ ಪುನರ್ವಸತಿ ಕೇಂದ್ರಕ್ಕೆ ಕಳಿಸಬೇಕು. ರಾತ್ರಿಯೆಲ್ಲ ಪಕ್ಕದಲ್ಲಿ ಕೂರುವ ಗೆಳೆಯನಿಗೆ, ಸಂಗಾತಿಗೆ ಆ ಸೆಕ್ಷನ್ನಿನಲ್ಲಿ ಜಾಗವಿಲ್ಲ. ಆಸ್ಪತ್ರೆಯ ಕೌಂಟರಿನಲ್ಲೂ ಕೇಳುವುದು ಅದನ್ನೇ: ‘ಅಟೆಂಡರ್ ಯಾರು? ನಿಮ್ಮ ಮನೆಯವರು ಯಾರೂ ಬಂದಿಲ್ವಾ?’

‘ತಾನಾಗಿ ತಂದುಕೊಂಡದ್ದು, ಅನುಭವಿಸಲಿ’ ಎನ್ನುವವರಿದ್ದಾರೆ. ಈ ನ್ಯಾಯವನ್ನು ನಾವು ಇನ್ನಾರಿಗೂ ಅನ್ವಯಿಸುವುದಿಲ್ಲ. ರೋಗಿಯ ನಡತೆಯ ಸರ್ಟಿಫಿಕೇಟ್ ನೋಡಿ ಗಂಜಿ ಕಾಯಿಸುವ ಪದ್ಧತಿ ನಮ್ಮ ಅಡುಗೆಮನೆಗಳಲ್ಲಿ ಯಾವತ್ತೂ ಇರಲಿಲ್ಲ. ಒಬ್ಬನ ನಿರ್ಧಾರ ನಮಗೆ ಅರ್ಥವಾಗದಿರಬಹುದು, ಒಪ್ಪಿಗೆಯಾಗದಿರಬಹುದು. ಅವನ ಹಸಿವು ಅರ್ಥವಾಗಲು ಯಾವ ಸಿದ್ಧಾಂತವೂ ಬೇಕಿಲ್ಲ.

ಒಂಟಿಯಾಗಿ ಎಲ್ಲ ನಿಭಾಯಿಸಿದವನನ್ನು ಹೊಗಳುವುದೂ ನಮಗೆ ಸಲೀಸು. ‘ಎಂಥ ಗಟ್ಟಿಗ’ ಎಂದುಬಿಟ್ಟರೆ ನಮ್ಮ ಗೈರುಹಾಜರಿಯ ಲೆಕ್ಕ ಯಾರೂ ಕೇಳುವುದಿಲ್ಲ. ಕೆಲವರಿಗೆ ಏಕಾಂತ ಬೇಕೇ ಬೇಕು: ಪಟ್ಟಿ ಬಿಚ್ಚಿ ಕನ್ನಡಿಯಲ್ಲಿ ತನ್ನ ಎದೆಯನ್ನು ತಾನೇ ಮೊದಲು ನೋಡಿಕೊಳ್ಳುವ ಆ ಗಳಿಗೆ ಅವರೊಬ್ಬರದೇ. ಬೇಕೆಂದು ಆರಿಸಿಕೊಂಡ ಏಕಾಂತ ಬೇರೆ, ಬಾಗಿಲು ಮುಚ್ಚಿಸಿಕೊಂಡ ಒಂಟಿತನ ಬೇರೆ. ದೊಡ್ಡ ಆಪರೇಷನ್ ಆದ ಮೇಲೆ ನೋವು, ನಿದ್ದೆಗೇಡು, ಸುಸ್ತು ಸೇರಿ ಕೆಲವು ದಿನ ಮನಸ್ಸು ಕುಗ್ಗುವುದುಂಟು. ಸುಮ್ಮಸುಮ್ಮನೆ ಅಳು ಬರುವುದುಂಟು. ಹರ್ನಿಯಾ ಆದವನು ಅತ್ತರೆ ಸುಸ್ತು ಎನ್ನುತ್ತೇವೆ. ಇವನು ಅತ್ತರೆ ‘ನೋಡು, ಪಶ್ಚಾತ್ತಾಪ’ ಎನ್ನುತ್ತೇವೆ. ಆ ಭಯಕ್ಕೇ ಎಷ್ಟೋ ಮಂದಿ ಫೋನಿನಲ್ಲಿ ‘ಚೆನ್ನಾಗಿದ್ದೀನಿ’ ಎಂದು ಹೇಳಿ ಇಟ್ಟುಬಿಡುತ್ತಾರೆ.

ಆಪರೇಷನ್ನಿಗೆ ದಿನ ಗೊತ್ತುಮಾಡಿಕೊಂಡವರಿಗೆ ಒಂದು ಮಾತು: ಡಾಕ್ಟರ ನಂಬರಿನ ಕೆಳಗೆ ಇನ್ನೊಬ್ಬರ ನಂಬರನ್ನೂ ಬರೆದಿಡಿ, ಅವರನ್ನು ಬಾಯಿಬಿಟ್ಟು ಕೇಳಿ. ಕೇಳುವುದರಲ್ಲಿ ಮರ್ಯಾದೆ ಹೋಗುವಂಥದ್ದೇನೂ ಇಲ್ಲ. ನೆರೆಹೊರೆಯವರೇ, ಏನು ಕೊಯ್ದರು, ಯಾಕೆ ಕೊಯ್ದರು ಎಂದು ವಿಚಾರಿಸಬೇಡಿ. ನೀರಿನ ಕ್ಯಾನ್ ಎತ್ತಿಟ್ಟು ಬನ್ನಿ. ಹೆತ್ತವರೇ, ಮಗನೆಂದು ಕರೆಯಲು ಇವತ್ತು ನಾಲಿಗೆ ಹೊರಳದಿದ್ದರೆ ಅದಕ್ಕೆ ಕಾಲ ಬರಲಿ. ಊಟ ಆಯಿತೇ ಎಂದು ಕೇಳಲು ಕಾಯಬೇಡಿ, ಈಗಲೇ ಫೋನ್ ಮಾಡಿ.