ದಾಯವೂ ಧರ್ಮವೂ

ಒಂದೇ ದೇಶದ ಮಕ್ಕಳು ಹಿರಿಯರ ಆಸ್ತಿಗೆ ಬೇರೆ ಬೇರೆ ಕಟ್ಟಳೆಗಳಿಂದ ಹಕ್ಕುದಾರರಾಗುವುದು ಭಾರತದಲ್ಲಿ ಹೊಸತಲ್ಲ. ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ತನ್ನ ‘ಮಿತಾಕ್ಷರಾ’ದಲ್ಲಿ, ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟೆಂದನು. ವಂಗದೇಶದ ಜೀಮೂತವಾಹನನ ಮತದಲ್ಲಿ ಆ ಹಕ್ಕು ತಂದೆಯ ಮರಣಾನಂತರವೇ ಹುಟ್ಟುವಂಥದು. ತುಳುನಾಡಿನ ಅಳಿಯಸಂತಾನದಲ್ಲಿ ಮನೆತನವು ತಾಯಿಯ ಕಡೆಯಿಂದ ಸಾಗಿತು. ಮೇಘಾಲಯದ ಖಾಸಿಗಳಲ್ಲಿ ಪೂರ್ವಿಕರ ಮನೆ ಕಿರಿಯ ಮಗಳಿಗೆ. ತಂದೆತಾಯಿಗಳ ಪಾಲನೆಯ ಹೊಣೆಯೂ ಅವಳದೇ. ಮುಸ್ಲಿಮರಲ್ಲಿ ಮಗಳಿಗೆ ಮಗನ ಪಾಲಿನ ಅರ್ಧ.

ಇಷ್ಟು ಭೇದಗಳ ನಡುವೆ ಧರ್ಮ ಯಾವುದು? ಕಟ್ಟಳೆ ಒಂದಾದರೆ ನ್ಯಾಯವು ತಾನಾಗಿ ನೆಲೆಸುವುದೆಂದು ಕೆಲವರು ಹೇಳುವರು. ಹಿರಿಯರ ರೂಢಿಯೇ ಧರ್ಮವೆಂದು ಇನ್ನು ಕೆಲವರು. ಎರಡು ಮಾತೂ ಅಪೂರ್ಣವೆಂಬುದಕ್ಕೆ ನಮ್ಮ ಸಮಾಜವೇ ಸಾಕ್ಷಿ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ವೀರಶೈವ ಲಿಂಗಾಯತರನ್ನು ಹೆಸರಿಸಿಯೇ ತನ್ನ ವ್ಯಾಪ್ತಿಗೆ ತಂದಿತು. ಕರ್ನಾಟಕದ 1994ರ ತಿದ್ದುಪಡಿಯು ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನ ಹಕ್ಕನ್ನಿತ್ತು, ಅದಾಗಲೇ ವಿವಾಹವಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿಯು ಆ ಭೇದವನ್ನೂ ತೊಡೆಯಿತು. ಕಾಗದದ ಮೇಲೆ ಪಾಲು ಸಮವಾಯಿತು. ಮನೆಗಳಲ್ಲಿ ‘ಹಕ್ಕು ಬಿಡುಗಡೆ ಪತ್ರ’ವು ಉಳಿಯಿತು.

ಕೆಲವು ವರ್ಷಗಳ ಹಿಂದೆ ಹಿರಿಯ ಭಕ್ತರೊಬ್ಬರು ಮಕ್ಕಳೊಡನೆ ಮಠಕ್ಕೆ ಬಂದು, ಮಗಳು ಗದ್ದುಗೆಯ ಸನ್ನಿಧಿಯಲ್ಲಿ ಸಂತೋಷದಿಂದ ಅಂಥ ಪತ್ರಕ್ಕೆ ರುಜು ಹಾಕುವಂತೆ ಅಪ್ಪಣೆಯಾಗಬೇಕೆಂದರು. ಹಿಂದೆ ನಾವೂ ಇಂಥ ಪತ್ರಗಳಿಗೆ, ತ್ಯಾಗವೆಂದು ಬಗೆದು, ಆಶೀರ್ವದಿಸಿದ್ದುಂಟು. ಅಂದು ಆ ತಾಯಿಯನ್ನು ಪ್ರತ್ಯೇಕವಾಗಿ ಕೇಳಿದೆವು. “ಹಾಕದಿದ್ದರೆ ತವರಿನ ಬಾಗಿಲು ಮುಚ್ಚುತ್ತದೆ, ಬುದ್ಧಿ” ಎಂದಳು. ಆ ಪತ್ರವನ್ನು ನಾವು ಮುಟ್ಟಲಿಲ್ಲ. ಮೊದಲಿನವರನ್ನೂ ಹೀಗೆಯೇ ಕೇಳಬೇಕಿತ್ತೆಂಬ ನೋವು ಮಾತ್ರ ಇನ್ನೂ ಉಳಿದಿದೆ.

ಒಲ್ಲೆನೆನ್ನುವ ಸ್ವಾತಂತ್ರ್ಯ ಉಳ್ಳವರು ಬಿಟ್ಟುಕೊಟ್ಟರೆ ಅದು ತ್ಯಾಗ, ಉಳಿದುದು ಅಪಹರಣ. ಯಾವ ಸಮುದಾಯದ ಕಟ್ಟಳೆಯನ್ನಾದರೂ ಈ ಒರೆಗಲ್ಲಿಗೆ ಹಚ್ಚಬಹುದು. ಆದರೆ ಮೊದಲು ಹಚ್ಚಬೇಕಾದುದು ನಮ್ಮದನ್ನು. ಅನ್ಯರ ಮಗಳಿಗೆ ದೊರೆಯುವ ಅರ್ಧವನ್ನು ಎಣಿಸುವ ಮುನ್ನ, ನಮ್ಮ ಮಗಳಿಗೆ ಬರೆದಿಟ್ಟ ಪೂರ್ಣವು ಅವಳ ಕೈ ಸೇರಿತೇ ಎಂದು ನೋಡಿಕೊಳ್ಳೋಣ. ಇಷ್ಟಲಿಂಗವನ್ನು ಕರುಣಿಸುವಾಗ ಗಂಡು ಹೆಣ್ಣೆಂದು ಎಣಿಸದ ನಾವು, ಹೊಲ ಹಂಚುವಾಗ ಎಣಿಸುವುದೇಕೆ? ಭಕ್ತರು ಮನೆಯಲ್ಲಿ ಕುಳಿತು ವಿಚಾರಿಸಲಿ. ಮಗಳನ್ನೂ ಕೂರಿಸಿಕೊಂಡು ವಿಚಾರಿಸಲಿ.